ಹೊಸಬರಿಗೆ ಮಾರ್ಗದರ್ಶಿ: ಪ್ಲಗ್ ಚುಚ್ಚುವ ಮೊದಲು ಒಂದು ಭಾಗಾಕಾರ

ಕಾಸರಗೋಡಿಗೆ ಬಂದ ವಾರದಲ್ಲೇ ನಮ್ಮ ಕನ್ನಡಿಗರ ಸಂಘಕ್ಕೆ ಬರುವ ವಿಚಾರಣೆ ಕನ್ನಡ ಮಾಧ್ಯಮ ಶಾಲೆಯದ್ದು. ಎರಡು ತಿಂಗಳು ಕಳೆದ ಮೇಲೆ ಕರೆಂಟ್ ಬಿಲ್ಲಿನದ್ದು. ಕರ್ನಾಟಕದಲ್ಲಿ ತಿಂಗಳ ಬಿಲ್ಲಿಗೆ ಒಗ್ಗಿದವರು ಇಲ್ಲಿ ಕೆ.ಎಸ್.ಇ.ಬಿ.ಯ, ಅಂದರೆ ಕೇರಳದ ವಿದ್ಯುತ್ ಮಂಡಳಿಯ, ಎರಡು ತಿಂಗಳ ಬಿಲ್ ನೋಡಿ ಒಮ್ಮೆ ಹೌಹಾರುತ್ತಾರೆ. ಮೊದಲು ಅದನ್ನು ಎರಡರಿಂದ ಭಾಗಿಸಿ, ಆಮೇಲೆ ಗಾಬರಿಯಾಗಿ.

ಬಿಲ್ಲಿಗೂ ಪ್ಲಗ್ಗಿಗೂ ಬೇಕಾದ ಲೆಕ್ಕ ಕಷ್ಟದ್ದಲ್ಲ. ನಾವು 'ಕರೆಂಟು ಹೋಯ್ತು' ಎನ್ನುವ ಕರೆಂಟೇ ಬೇರೆ, ಲೆಕ್ಕದ ಕರೆಂಟ್ ಬೇರೆ. ಲೆಕ್ಕದಲ್ಲಿ ಅದು ತಂತಿಯಲ್ಲಿ ಹರಿಯುವ ಪ್ರಮಾಣ, ಆಂಪಿಯರ್. ಅದನ್ನು ತಳ್ಳುವುದು ವೋಲ್ಟೇಜ್, ಮನೆಗೆ 230 ವೋಲ್ಟ್. ಎರಡನ್ನೂ ಗುಣಿಸಿದರೆ ವ್ಯಾಟ್, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಓಮ್.

ಬದಿಯಡ್ಕದಲ್ಲಿ ಮೊದಲ ಮನೆ ಮಾಡಿದಾಗ ನಾನು ನೀರು ಕಾಯಿಸಲು 1500 ವ್ಯಾಟಿನ ರಾಡ್ ತಂದೆ. ಅದರ ದಪ್ಪ ಪಿನ್ ಸಣ್ಣ ಸಾಕೆಟ್ಟಿಗೆ ಹೋಗದು. ಕನ್ವರ್ಟರ್ ಹಾಕಿ ಚುಚ್ಚಿದೆ. ನಾಲ್ಕನೇ ದಿನ ಸುಟ್ಟ ವಾಸನೆ, ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣ. 1500ನ್ನು 230ರಿಂದ ಭಾಗಿಸಿದ್ದರೆ 6.5 ಬರುತ್ತಿತ್ತು. ಸಾಕೆಟ್ಟಿನ ಮೇಲೆ ಬರೆದದ್ದು 6 ಆಂಪಿಯರ್. ಇಸ್ತ್ರಿಪೆಟ್ಟಿಗೆ 750 ವ್ಯಾಟಿನದ್ದಾದರೆ ಮೂರು ಚಿಲ್ಲರೆ ಆಂಪಿಯರ್, ಅಲ್ಲೇ ನಡೆದೀತು. ರಾಡ್, ಗೀಸರ್ ಮಾತ್ರ 16 ಆಂಪಿಯರಿನ ಸಾಕೆಟ್ಟಿಗೇ ಸರಿ. ಬಾಡಿಗೆ ಮನೆ ನೋಡುವಾಗ ಬಚ್ಚಲಿನಲ್ಲಿ ಅದಿದೆಯೇ ಎಂದು ನೋಡಿಕೊಳ್ಳಿ, ಮುಂಗಡ ಕೊಡುವ ಮೊದಲು.

ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪು ಒಟ್ಟಿಗೆ ಓಡುವ ಹೊತ್ತಿಗೆ ಕೆಲವು ಕಡೆ ವೋಲ್ಟೇಜ್ ಬೀಳುತ್ತದೆ. ಆಗ ರೋಧದ ಲೆಕ್ಕ ಉಪಯೋಗಕ್ಕೆ ಬರುತ್ತದೆ. ನಮ್ಮ ರಾಡಿನ ರೋಧ 230 ಭಾಗಿಸು 6.5, ಸುಮಾರು 35 ಓಮ್. ವೋಲ್ಟೇಜ್ ಬಿದ್ದರೂ ಅದು ಹೆಚ್ಚುಕಡಿಮೆ ಅಷ್ಟೇ. 180 ವೋಲ್ಟಿಗೆ ಇಳಿದರೆ ಹರಿಯುವುದು 5.1 ಆಂಪಿಯರ್, ಸಿಗುವ ಶಕ್ತಿ 920 ವ್ಯಾಟಿನ ಆಸುಪಾಸು. ವೋಲ್ಟೇಜ್ ಕಾಲುಭಾಗವೂ ಇಳಿದಿಲ್ಲ, ಶಕ್ತಿ ಮೂರರಲ್ಲೊಂದಕ್ಕಿಂತ ಹೆಚ್ಚು ಹೋಯಿತು. ಇಪ್ಪತ್ತು ನಿಮಿಷಕ್ಕೆ ಕಾಯುವ ನೀರಿಗೆ ಅರ್ಧ ಗಂಟೆ ಮೀರುತ್ತದೆ. ರಾಡ್ ಹಾಳಾಗಿಲ್ಲ, ಹೊಸದು ತರಬೇಡಿ.

ಪಂಪು, ಫ್ರಿಜ್ಜುಗಳ ಮೋಟರಿಗೆ ಈ ಸೂತ್ರ ಹಾಗೇ ಹಚ್ಚಬೇಡಿ. ವೋಲ್ಟೇಜ್ ಇಳಿದಾಗ ಅವು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತವೆ. ಗುಂಯ್ ಎಂದು ನರಳಿ ತಿರುಗದಿದ್ದರೆ ತಕ್ಷಣ ಆಫ್ ಮಾಡಿ.

ಬಿಲ್ಲಿಗೆ ಬಂದರೆ, ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಮ್ಮ ರಾಡ್ ದಿನಕ್ಕೆ 40 ನಿಮಿಷ ಉರಿದರೂ ಒಂದು ಯೂನಿಟ್, ಒಂದು ಬಿಲ್ಲಿಗೆ 60. ತಿಂಗಳಿಗೆ 250 ಯೂನಿಟ್ ದಾಟದಂತೆ ನೋಡಿಕೊಳ್ಳಿ. ದಾಟಿದರೆ ಹಂತದ ದರ (ಮೊದಲ ಯೂನಿಟ್ಟುಗಳಿಗೆ ಕಡಿಮೆ, ಮೇಲಿನವಕ್ಕೆ ಮಾತ್ರ ಹೆಚ್ಚು) ಹೋಗಿ ಮೊದಲ ಯೂನಿಟ್ಟಿನಿಂದಲೇ ಒಂದೇ ಹೆಚ್ಚಿನ ದರ ಬೀಳುತ್ತದೆ.

ಮಲ್ಟಿಮೀಟರ್ ಇದ್ದರೆ ಓಮ್ ಅಳೆಯುವುದು ಪ್ಲಗ್ ಕಿತ್ತ ಮೇಲೆ ಮಾತ್ರ. ಆಂಪಿಯರಿಗೆ ತಿರುಗಿಸಿಟ್ಟು ಅದರ ಕಡ್ಡಿಗಳನ್ನು ಸಾಕೆಟ್ಟಿಗೆ ಚುಚ್ಚಲೇಬೇಡಿ. ಲೈನಿನದ್ದೇ ತೊಂದರೆ ಎನಿಸಿದರೆ 1912ಕ್ಕೆ ಫೋನ್ ಮಾಡಿ. ಬಿಲ್ಲಿನಲ್ಲಿರುವ ಕನ್ಸ್ಯೂಮರ್ ನಂಬರ್ ಕೈಯಲ್ಲಿರಲಿ.