ಮುಂದೆ ಮಾರುವ ಯೋಚನೆ ಇದೆಯಾ? ನೆಲದ ಪ್ಯಾಟರ್ನ್ ಹೀಗೆ ಆರಿಸಿ

ಗೋಡೆಯ ಬಣ್ಣ ಇಷ್ಟವಾಗಲಿಲ್ಲ ಅಂದ್ರೆ ಬದಲಾಯಿಸೋದು ಸುಲಭ. ನೆಲ ಹಾಗಲ್ಲ. ಒಡೆಸಬೇಕು ಅಂದ್ರೆ ವಾರ್ಡ್‌ರೋಬ್ ಬಿಚ್ಚಬೇಕು, ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ನವರನ್ನು ಕೇಳಬೇಕು, ಒಡೆದ ಚೂರು ಸಾಗಿಸಲು ಗಾಡಿ ಹುಡುಕಬೇಕು. ಮನೆ ನೋಡಲು ಬಂದವರು ಇದನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ‘ಈ ನೆಲ ತೆಗೆಸಲೇಬೇಕು’ ಅಂತ ಒಮ್ಮೆ ಅನ್ನಿಸಿತೋ, ಆ ಖರ್ಚು ನೀವು ಹೇಳಿದ ರೇಟಿನಿಂದಲೇ ಕಡಿತ. ಚೆಂದದ ಪ್ಯಾಟರ್ನ್ ಹಾಕಿಸಿದ್ದಕ್ಕೆ ಬೆಲೆ ಏರೋದು ಅಪರೂಪ. ಅತಿಯಾದ ಪ್ಯಾಟರ್ನ್‌ನಿಂದ ಇಳಿಯೋದು ಮಾತ್ರ ಸಾಮಾನ್ಯ.

ಹಂತ 1: ಕೊಳ್ಳುವವರು ಯಾರು?

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಂಥ ಕಡೆ ಹಳೇ ಸ್ವಂತ ಮನೆಗಳು ಎಷ್ಟೋ ಸಲ ಸೈಟಿನ ಬೆಲೆಗೇ ಹೋಗುತ್ತವೆ. ಕೊಂಡವರು ಕೆಡವಿ ಹೊಸದಾಗಿ ಕಟ್ಟುತ್ತಾರೆ. ಅಂಥ ಮನೆಗೆ ಮಾರುವ ಮುಂಚೆ ಹೊಸ ಟೈಲ್ಸ್ ಹಾಕಿಸೋದು ಸುಮ್ನೆ ದುಡ್ಡು ದಂಡ. ಫ್ಲ್ಯಾಟ್ ಕತೆಯೇ ಬೇರೆ. ಅಲ್ಲಿ ಕೊಳ್ಳುವವರು ಇರುವ ನೆಲದ ಮೇಲೆಯೇ ಸಂಸಾರ ಹೂಡುತ್ತಾರೆ. ಇಲ್ಲಿ ಪ್ಯಾಟರ್ನ್ ಬಗ್ಗೆ ತಲೆ ಕೆಡಿಸಿಕೊಂಡರೆ ಅರ್ಥವಿದೆ.

ಹಂತ 2: ಒಡೆಯುವ ಮುಂಚೆ ಹಳೇ ನೆಲ ನೋಡಿ

ಒಂದು ಕಾಲದಲ್ಲಿ ರೆಡ್ ಆಕ್ಸೈಡ್ ಅಂದ್ರೆ ಅಗ್ಗದ ನೆಲ. 2008ರಲ್ಲಿ ಬಿಬಿಎಂಪಿ ತಂದ ಆಸ್ತಿ ತೆರಿಗೆ ಪದ್ಧತಿಯಲ್ಲೂ, ಪೂರ್ತಿ ಸಿಮೆಂಟ್ ಅಥವಾ ರೆಡ್ ಆಕ್ಸೈಡ್ ನೆಲದ ಆರ್‌ಸಿಸಿ ಮನೆಗಳಿಗೆ ಬೇರೆಯೇ ವರ್ಗ, ಕಡಿಮೆ ದರ ಇತ್ತು. ಈಗ ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಬಿರುಕಿಲ್ಲದೆ ನಿಂತ ಕೆಂಪು ನೆಲವಿದ್ದರೆ ಮುಟ್ಟಬೇಡಿ. ಬಿರುಕು ಬಿಟ್ಟಿದ್ದರೆ ಮಾತ್ರ ಯೋಚಿಸಿ. ತೇಪೆ ಹಾಕಿದ ಜಾಗದ ಬಣ್ಣ ಹಳೆಯದಕ್ಕೆ ಕೂಡೋದು ಕಷ್ಟ.

ಮೊಸಾಯಿಕ್ ಇದ್ದರೆ ಒಂದು ಮೂಲೆಯಲ್ಲಿ ಮಷಿನ್ ಪಾಲಿಷ್ ಮಾಡಿಸಿ ನೋಡಿ. ಮಂಕಾಗಿದ್ದ ಕಲ್ಲಿನ ಚೂರುಗಳ ಬಣ್ಣ ಮತ್ತೆ ಎದ್ದು ಬರುತ್ತೆ. ಹೊಸ ಟೈಲ್ಸ್‌ಗಿಂತ ಖರ್ಚೂ ಕಡಿಮೆ.

ಹಳೇ ಟೈಲ್ಸ್ ಮೇಲೆಯೇ ಹೊಸದು ಅಂಟಿಸುವ ಯೋಚನೆ ಇದ್ದರೆ, ನೆಲ ಅರ್ಧ ಇಂಚಾದರೂ ಏರುತ್ತೆ ಅನ್ನೋದು ನೆನಪಿರಲಿ. ಬಾಗಿಲುಗಳನ್ನು ಕೆಳಗೆ ಕೊಯ್ಯಿಸಬೇಕು. ಹಾಲ್‌ಗೂ ಬಚ್ಚಲಿಗೂ ಇದ್ದ ಮಟ್ಟದ ವ್ಯತ್ಯಾಸವೂ ಬದಲಾಗುತ್ತೆ.

ಹಂತ 3: ಪ್ಯಾಟರ್ನ್ ಆರಿಸಿ

ಹಾಲ್, ಊಟದ ಜಾಗ, ಓಡಾಡುವ ದಾರಿ ಎಲ್ಲಕ್ಕೂ ಒಂದೇ ಟೈಲ್ಸ್, ಒಂದೇ ದಿಕ್ಕು. ಮಾರುವ ಮನೆಗೆ ಇದೇ ಸರಿ. ರೂಮಿಗೊಂದು ಬಣ್ಣ ಹಾಕಿದರೆ ಮನೆ ತುಂಡು ತುಂಡಾಗಿ, ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತೆ. ಹಾಲ್ ನಡುವೆ ಕಮಲದ ಹೂವು ಕೂರಿಸಿದಿರೋ, ಸೋಫಾ ಎಲ್ಲಿಡಬೇಕು ಅಂತ ಮುಂದೆ ಬರುವವರಿಗೂ ನೀವೇ ಹೇಳಿದ ಹಾಗೆ. ಮೀನು ಈಜುವ ತ್ರೀಡಿ ನೆಲದ ಬಗ್ಗೆ ಏನೂ ಹೇಳದಿರೋದೇ ವಾಸಿ.

ತೀರಾ ಕಪ್ಪು, ಹೊಳೆಯುವ ಟೈಲ್ಸ್ ಶೋರೂಮ್‌ನಲ್ಲಿ ಚೆಂದ. ಬೋರ್‌ವೆಲ್ ನೀರಲ್ಲಿ ಒರೆಸುವ ಮನೆಯಲ್ಲಿ ಬಿಳಿ ಕಲೆ ಎದ್ದು ಕಾಣುತ್ತೆ. ತಿಳಿ ಬೂದು, ಕೆನೆ ಬಣ್ಣ ಬೇಸರ ಅನ್ನಿಸಬಹುದು, ಆದ್ರೆ ಯಾರೂ ತಕರಾರು ತೆಗೆಯಲ್ಲ.

ಆಸೆ ತೀರಿಸಿಕೊಳ್ಳಲೇಬೇಕಾ? ಬಾಲ್ಕನಿಯಲ್ಲೋ ದೇವರಮನೆಯಲ್ಲೋ ಅತ್ತಂಗುಡಿ ಟೈಲ್ಸ್ (ತಮಿಳುನಾಡಿನಲ್ಲಿ ಕೈಯಿಂದ ಮಾಡುವ, ಬಣ್ಣಬಣ್ಣದ ಸಿಮೆಂಟ್ ಟೈಲ್ಸ್) ಹಾಕಿಸಿ. ಹತ್ತಿಪ್ಪತ್ತು ಚದರಡಿ ಬೇಡ ಅನ್ನಿಸಿದರೆ ಬದಲಾಯಿಸೋದು ದೊಡ್ಡ ಕೆಲಸವಲ್ಲ.

ಹಂತ 4: ಮೂಲೆಗೆ ಹಾಕಿದರೆ ಎಷ್ಟು ಜಾಸ್ತಿ?

ನೇರವಾಗಿ ಹಾಕಿದರೆ ಕಟಿಂಗ್‌ನಲ್ಲಿ ಸುಮಾರು 5ರಿಂದ 8 ಪರ್ಸೆಂಟ್ ವೇಸ್ಟ್. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹಾಕಿದರೆ ಅಥವಾ ಮೀನಿನ ಮೂಳೆಯ ಹಾಗೆ ಜೋಡಿಸುವ ಹೆರಿಂಗ್‌ಬೋನ್ ಮಾಡಿಸಿದರೆ 15ರವರೆಗೂ ಹೋಗುತ್ತೆ. 200 ಚದರಡಿ ಹಾಲ್ ಅಂದುಕೊಳ್ಳಿ. 16 ಚದರಡಿಯ ಬಾಕ್ಸ್ ಲೆಕ್ಕದಲ್ಲಿ ಒಂದಕ್ಕೆ 14 ಬಾಕ್ಸ್, ಇನ್ನೊಂದಕ್ಕೆ 15. ಇಷ್ಟೇನಾ ಅನ್ನಿಸುತ್ತೆ, ಅಲ್ವಾ? ಪೆಟ್ಟು ಬೀಳೋದು ಕೂಲಿಯಲ್ಲಿ. ಮೇಸ್ತ್ರಿ ಪ್ರತಿ ಅಂಚಿಗೂ ಓರೆಯಾಗಿ ಕತ್ತರಿಸಬೇಕು, ದಿನಗಳೂ ಜಾಸ್ತಿ. ಆ ಕೂಲಿಯನ್ನು ಕೊಳ್ಳುವವರು ನಿಮಗೆ ವಾಪಸ್ ಕೊಡಲ್ಲ.

ಹಂತ 5: ಒಣಗಿದ ನೆಲದ ಮೇಲೆ ಜೋಡಿಸಿ ನೋಡಿ

ಸಿಮೆಂಟ್ ಕಲಸುವ ಮುಂಚೆ ಒಂದು ಸಾಲು ಹಾಗೇ ಇಡಿಸಿ. ಇದು ಬಿಟ್ಟರೆ ಮುಂದೆ ಸರಿಮಾಡಲು ಆಗಲ್ಲ. ರೂಮಿನ ಅಗಲ 10 ಅಡಿ 2 ಇಂಚು ಇದೆ, ಟೈಲ್ಸ್ 2 ಅಡಿಯದು ಅಂದುಕೊಳ್ಳಿ. ಒಂದು ಗೋಡೆಯಿಂದ ಶುರು ಮಾಡಿದರೆ ಐದು ಪೂರ್ತಿ ಟೈಲ್ಸ್, ಕೊನೆಗೆ ಎರಡಿಂಚಿನ ಪಟ್ಟಿ. ಆ ಪಟ್ಟಿ ಬಾಗಿಲ ಎದುರೇ ಬಂದರೆ ಎಷ್ಟು ಬೆಲೆಯ ಟೈಲ್ಸ್ ಆದ್ರೂ ಕೆಲಸ ಕಳಪೆ ಅನ್ನಿಸುತ್ತೆ. ನಡುವೆ ನಾಲ್ಕು ಪೂರ್ತಿ ಇಟ್ಟು, ಎರಡೂ ಬದಿಗೆ 13 ಇಂಚಿನ ತುಂಡು ಹಾಕಿಸಿ. ಲೆಕ್ಕ ಸರಿಹೋಗುತ್ತೆ, ಕಣ್ಣಿಗೂ ಹಿತ.

2x4 ಅಡಿಯ ಉದ್ದ ಟೈಲ್ಸ್‌ಗೆ ಇನ್ನೊಂದು ಮಾತು. ಇಟ್ಟಿಗೆ ಕಟ್ಟಿದ ಹಾಗೆ ಅರ್ಧಕ್ಕರ್ಧ ಸರಿಸಿ ಹಾಕಬೇಡಿ. ಉದ್ದ ಟೈಲ್ಸ್ ನಡುವೆ ಕೂದಲೆಳೆಯಷ್ಟು ಉಬ್ಬಿರುತ್ತೆ. ಉಬ್ಬಿದ ನಡುವಿನ ಪಕ್ಕಕ್ಕೆ ಇನ್ನೊಂದರ ತುದಿ ಬಂದರೆ ಬರಿಗಾಲಿಗೆ ಅಂಚು ತಾಗುತ್ತೆ. ಮೂರನೇ ಒಂದು ಭಾಗ, ಅಂದ್ರೆ 16 ಇಂಚು ಮಾತ್ರ ಸರಿಸಬೇಕು. ಇಲ್ಲಾಂದ್ರೆ ನೇರ ಸಾಲೇ ಒಳ್ಳೆಯದು.

ಟೈಲ್ಸ್ ನಡುವೆ ಸಮನಾಗಿ ಸಂದಿ ಬಿಡಿಸುವ ಪ್ಲಾಸ್ಟಿಕ್ ಸ್ಪೇಸರ್ ಇಟ್ಟೇ ಹಾಕಿಸಿ. ಕೆಲಸ ಮುಗಿದು ಒಣಗಿದ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ, ಮೇಸ್ತ್ರಿಗೆ ಕೊನೇ ಕಂತು ಕೊಡುವ ಮುಂಚೆ ಸರಿಮಾಡಿಸಿ.

ಹಂತ 6: ಮಾರುವಾಗ

ಒಂದು ಬಾಕ್ಸ್ ಟೈಲ್ಸ್ ಮೊದಲೇ ಎತ್ತಿಟ್ಟಿರಬೇಕು. ಅದೇ ಡಿಸೈನ್ ಮತ್ತೆ ಸಿಕ್ಕರೂ ಬ್ಯಾಚ್ ಬೇರೆಯಾದರೆ ಬಣ್ಣ ಕೂಡಲ್ಲ. ಮನೆ ತೋರಿಸುವ ಮುಂಚೆ ಸಂದಿಗಳ ಕಪ್ಪು ಉಜ್ಜಿಸಿ, ಬಿಟ್ಟುಹೋದ ಕಡೆ ಹೊಸದಾಗಿ ಗ್ರೌಟ್ ತುಂಬಿಸಿ. ಒಡೆದ ಒಂದೆರಡು ಟೈಲ್ಸ್ ಇದ್ದರೆ ಆ ಬಾಕ್ಸಿನಿಂದ ತೆಗೆದು ಬದಲಾಯಿಸಿ. ಉಳಿದದ್ದನ್ನು ಬಿಲ್ ಸಮೇತ ಕೊಳ್ಳುವವರಿಗೇ ಕೊಡಿ. ನೆಲದ ಹೆಸರಲ್ಲಿ ಚೌಕಾಸಿ ಮಾಡಲು ಅವರಿಗೆ ಒಂದು ನೆಪ ಕಡಿಮೆಯಾಗುತ್ತೆ.