ಪವರ್ ಸ್ಟೀರಿಂಗ್ ಪೈಪಿಗೆ ಜೆಸಿಬಿ ಹೋಸ್ ಹಾಕಿಸಿದ್ದು

ಸಕಲೇಶಪುರದ ಕಡೆಯ ತೋಟದ ರಸ್ತೆಗಳಲ್ಲಿ ಓಡುವ ನನ್ನ ಹಳೇ ಡೀಸೆಲ್ ಜೀಪಿನ ಸ್ಟೀರಿಂಗ್ ತಿರುವಿನಲ್ಲಿ ಗುಂಯ್ ಅನ್ನತೊಡಗಿತು. ಪವರ್ ಸ್ಟೀರಿಂಗಿನ ಆಯಿಲ್ ಡಬ್ಬಿ ತೆರೆದರೆ ಮಟ್ಟ ಇಳಿದಿದೆ, ಮೇಲೆ ನೊರೆ. ಇಂಥ ಹೊತ್ತಲ್ಲಿ ಸುಮ್ನೆ ಆಯಿಲ್ ತುಂಬಿಸಿಕೊಂಡು ಓಡಿಸುವವರೇ ಜಾಸ್ತಿ. ಆದರೆ ಆಯಿಲನ್ನು ಒತ್ತಡದಲ್ಲಿ ತಳ್ಳುವ ಪಂಪಿನ ಒಳಗೆ ಜಾರಿಕೆ ಕೊಡುವುದೂ ಅದೇ ಆಯಿಲ್. ಖಾಲಿ ತಿರುಗಿದರೆ ಪಂಪೂ ಹೋಗುತ್ತದೆ. ಸೋರಿದ್ದು ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯ ಭಯ ಬೇರೆ.

ಪೈಪು ಎರಡು. ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ಬಾಕ್ಸಿನಿಂದ ಡಬ್ಬಿಗೆ ವಾಪಸ್ ಬರುವುದರಲ್ಲಿ ಒತ್ತಡ ಕಡಿಮೆ. ಸೋರಿಕೆ ಅಲ್ಲಿದ್ದರೆ ಹೊಸ ರಬ್ಬರ್ ಪೈಪು, ಕ್ಲಿಪ್ಪು, ಅಷ್ಟೇ. ಪಂಪಿನಿಂದ ಬಾಕ್ಸಿಗೆ ಹೋಗುವ ಪೈಪಿನ ಕಥೆ ಬೇರೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಿಡಿದಾಗ ಅದರೊಳಗಿನ ಒತ್ತಡ 80-100 ಬಾರ್ ಮುಟ್ಟಬಹುದು. ಲಾರಿ ಟೈರಿನ ಗಾಳಿ ಸುಮಾರು 8 ಬಾರ್ ಅಂದರೆ ಅಂದಾಜು ಸಿಗುತ್ತದೆ ಅಲ್ವಾ?

ಮೊದಲು ಡೀಸೆಲ್ ಹಚ್ಚಿ ಎಲ್ಲ ತೊಳೆದು, ಒರೆಸಿ, ಒಣಗಿದ ಮೇಲೆ ಪೈಪಿನುದ್ದಕ್ಕೂ ಟಾಲ್ಕಂ ಪೌಡರ್ ಹಾಕಿದೆ. ತಮ್ಮ ಎಂಜಿನ್ ಚಾಲೂ ಮಾಡಿ ಸ್ಟೀರಿಂಗ್ ತಿರುಗಿಸಿದ. ಬಿಳಿ ಪುಡಿಯ ಮೇಲೆ ಕೆಂಪು ಗೆರೆ ಮೂಡಿತು. ಇಲ್ಲಿ ಬೆರಳಿಟ್ಟು ಹುಡುಕಲೇಬೇಡಿ. ಸೂಜಿಯಂಥ ಧಾರೆ ಚರ್ಮದೊಳಗೇ ನುಗ್ಗುತ್ತದೆ. ಗಾಯ ಚುಕ್ಕಿಯಷ್ಟೇ ಕಂಡರೂ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ನಾನು ರಟ್ಟಿನ ತುಂಡು ಹಿಡಿದು ನೋಡಿದೆ.

ತೂತು ಇದ್ದದ್ದು ಆ ಒತ್ತಡದ ಪೈಪಿನ ಕಬ್ಬಿಣದ ಭಾಗದಲ್ಲಿ. ಹಿಂದೆ ಯಾರೋ ಕೆಲಸ ಮಾಡಿದವರು ಕ್ಲ್ಯಾಂಪನ್ನು ವಾಪಸ್ ಹಾಕಿರಲಿಲ್ಲ. ಪೈಪು ಬ್ರ್ಯಾಕೆಟ್ಟಿಗೆ ಉಜ್ಜಿ ಉಜ್ಜಿ ತೆಳುವಾಗಿತ್ತು. ಅಂಟು ಮೆತ್ತುವುದು, ರಬ್ಬರ್ ತುಂಡಿಗೆ ಕ್ಲಿಪ್ ಬಿಗಿಯುವುದು, ಈ ಒತ್ತಡಕ್ಕೆ ಯಾವುದೂ ನಿಲ್ಲುವುದಿಲ್ಲ.

ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಹಾಕಿ ಬಿಚ್ಚಿದೆ. ಸಾದಾ ಸ್ಪ್ಯಾನರಿನಲ್ಲಿ ನಟ್ಟಿನ ಮೂಲೆ ಸವೆದು ಹೋಗುತ್ತದೆ. ಕಸ ಹೋಗದಂತೆ ತೆರೆದ ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿ, ಪೈಪನ್ನು ಹಾಸನಕ್ಕೆ ಒಯ್ದೆ. ಜೆಸಿಬಿ, ಟ್ರ್ಯಾಕ್ಟರುಗಳಿಗೆ ಹೈಡ್ರಾಲಿಕ್ ಹೋಸ್ (ಒತ್ತಡ ತಡೆಯುವ ರಬ್ಬರ್ ಪೈಪು) ಮಾಡಿಕೊಡುವ ಅಂಗಡಿಗೆ.

“ಸಾರ್, ಎರಡು ಕಡೆಯ ಒರಿಜಿನಲ್ ತುದಿ ಉಳಿಸಿಕೊಳ್ಳೋಣ, ನಡುವೆ ಹೋಸ್ ಹಾಕ್ತೀನಿ” ಅಂದರು ಅಂಗಡಿಯವರು. ಹಾಳಾದ ಭಾಗ ಕತ್ತರಿಸಿ, ಉಳಿದ ತುದಿಗಳಿಗೆ ಹೋಸ್ ಸಿಕ್ಕಿಸುವ ನಿಪ್ಪಲ್ ಬ್ರೇಜಿಂಗ್ ಮಾಡಿ (ಬೇರೆ ಲೋಹ ಕರಗಿಸಿ ಬೆಸೆದು), 3/8 ಇಂಚಿನ ತಂತಿ ಹೆಣಿಗೆಯ ಹೋಸನ್ನು ಕ್ರಿಂಪ್ ಮಾಡಿದರು, ಅಂದರೆ ಲೋಹದ ಬಳೆ ಒತ್ತಿ ಬಿಗಿದರು. ಒಂದೇ ಪದರ ತಂತಿಯ ಈ ಹೋಸ್ 180 ಬಾರ್ ತಡೆಯುತ್ತದೆ, ನಮಗೆ ಧಾರಾಳ. ನಾನು ಪಟ್ಟು ಹಿಡಿದದ್ದು ಎರಡಕ್ಕೆ. ಬ್ರೇಜಿಂಗ್ ಆದ ಮೇಲೆ ಪೈಪಿನ ಒಳಗಿನ ಚಕ್ಕೆಯನ್ನು ಡೀಸೆಲ್ ಹಾಕಿ, ಗಾಳಿ ಹೊಡೆದು ತೆಗೆಯಬೇಕು, ಇಲ್ಲವಾದರೆ ಬಾಕ್ಸಿನ ವಾಲ್ವ್ ಹಾಳು. ಎಂಜಿನ್ ಅಲುಗುವುದರಿಂದ ಹೋಸ್ ಸ್ವಲ್ಪ ಸಡಿಲವಾಗಿರುವಷ್ಟು ಉದ್ದ ಇರಬೇಕು.

ಒಂದು ಕೊರತೆ ಇದೆ. ಕಂಪನಿಯ ಹೋಸ್ ಸ್ವಲ್ಪ ಉಬ್ಬಿ ಪಂಪಿನ ಅದುರನ್ನು ನುಂಗಿಕೊಳ್ಳುತ್ತದೆ. ಇದು ಉಬ್ಬುವುದಿಲ್ಲ, ಹಾಗಾಗಿ ಪೂರ್ತಿ ತಿರುಗಿಸಿದಾಗ ಸಣ್ಣ ಗುಂಯ್‌ಗುಡುವಿಕೆ ಉಳಿಯಿತು. ಹಳೇ ಜೀಪಿಗೆ ಅದೇನು ದೊಡ್ಡ ವಿಷಯವಲ್ಲ. ಹೊಸ ಕಾರಾಗಿದ್ದರೆ ನಾನು ಕಂಪನಿ ಪೈಪನ್ನೇ ತರಿಸುತ್ತಿದ್ದೆ.

ಜೋಡಿಸುವಾಗ ತಾಮ್ರದ ವಾಷರ್ ಎರಡೂ ಹೊಸದು. ಬ್ರ್ಯಾಕೆಟ್ ಹತ್ತಿರ ರಬ್ಬರ್ ಸುತ್ತಿ ಕ್ಲ್ಯಾಂಪ್ ಹಾಕಿದೆ. ಹೋಸನ್ನು ಎಕ್ಸಾಸ್ಟಿನಿಂದ ದೂರ ಒಯ್ದೆ, ಇಂಥ ಹೋಸ್ 100 ಡಿಗ್ರಿ ಶಾಖದ ತನಕ ಮಾತ್ರ. ಹಾಕಿದ ಆಯಿಲ್, ಜೀಪಿನ ಪುಸ್ತಕದಲ್ಲಿ ಹೇಳಿದ್ದೇ, ನನ್ನದಕ್ಕೆ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಹಾಕುವ ಆಯಿಲ್). ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳು ಕೆಡುತ್ತವೆ.

ಆಯಿಲ್ ಪೈಪುಗಳೊಳಗೆ ಸೇರಿದ ಗಾಳಿ ತೆಗೆಯಲು ಅವಸರ ಪಡಬಾರದು. ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಾ, ಆಯಿಲ್ ತುಂಬುತ್ತಾ ಹೋದೆ. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ಅದೇ. ತುದಿಯಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಪಂಪು ಬಿಸಿಯಾಗುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ, ತಿಳಿಯಾಗುವ ತನಕ ಬಿಡಿ.

ಶಿರಾಡಿ ಘಾಟಿ ಇಳಿದು ಹತ್ತಿ ಬಂದ ಮೇಲೆ ಬಿಳಿ ಬಟ್ಟೆಯಿಂದ ಜೋಡಣೆಗಳನ್ನು ಒರೆಸಿ ನೋಡಿದೆ. ಪಂಪಿನ ಕಡೆ ತುಸು ಪಸೆ ಇತ್ತು. ಕಾಲು ಸುತ್ತು ಬಿಗಿದೆ, ನಿಂತಿತು.