ಮರಳಿ ಟ್ಯಾಂಕ್ ಮಾದರಿ ಕಟ್ಟಲು ಕೂರುವ ಮಲೆನಾಡಿಗರಿಗೆ: ಯಾವ ಕಂಪನಿಯ ಕಿಟ್ ಕೊಳ್ಳಬೇಕು?

ಕಾಲೇಜು ದಿನಗಳಲ್ಲಿ ಸೇನಾ ಟ್ಯಾಂಕುಗಳ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸಿ, ಆಮೇಲೆ ನೌಕರಿ, ಸಂಸಾರಗಳ ನಡುವೆ ಆ ಹವ್ಯಾಸವನ್ನು ಬಿಟ್ಟವರು ಈಗ ಮತ್ತೆ ಅದರತ್ತ ತಿರುಗಿದರೆ ಮೊದಲು ಗೊಂದಲಕ್ಕೀಡುಮಾಡುವುದು ಬಿಡಿಭಾಗಗಳ ಪೆಟ್ಟಿಗೆಯ, ಅಂದರೆ ಕಿಟ್‌ನ, ತಯಾರಕರ ಸಂಖ್ಯೆ. ಜಪಾನಿನ ತಮಿಯಾ, ಇಟಲಿಯ ಇಟಲೇರಿ, ಜರ್ಮನಿಯ ರೆವೆಲ್‌ಗಳ ಜೊತೆಗೆ ಇಂದು ಚೀನಾದ ಮೆಂಗ್, ಟ್ರಂಪೆಟರ್, ರೈ ಫೀಲ್ಡ್, ಉಕ್ರೇನಿನ ಮಿನಿಆರ್ಟ್, ತೈವಾನಿನ ಎಎಫ್‌ವಿ ಕ್ಲಬ್ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಅತ್ಯುತ್ತಮ ಯಾವುದೆಂದು ಕೇಳುವುದಕ್ಕಿಂತ, ಬಹುಕಾಲದ ನಂತರ ಕೈಗೆತ್ತಿಕೊಳ್ಳುವ ಮೊದಲ ಕಿಟ್ಟನ್ನು ಮುಗಿಸಲು ಸಾಧ್ಯವೇ ಎಂದು ಕೇಳಿಕೊಳ್ಳುವುದು ಲೇಸು.

ಅಳತೆಯ ಪ್ರಶ್ನೆ ಬೇಗ ಇತ್ಯರ್ಥವಾಗುತ್ತದೆ. ತೋಪಿನ ತುದಿಯವರೆಗೆ ಸುಮಾರು 8.45 ಮೀಟರ್ ಉದ್ದವಿದ್ದ ಜರ್ಮನ್ ಟೈಗರ್ ಟ್ಯಾಂಕ್ 1:35ರಲ್ಲಿ (ಅಂದರೆ ನಿಜ ಟ್ಯಾಂಕಿನ ಮೂವತ್ತೈದನೆಯ ಒಂದು ಪಾಲಿನಲ್ಲಿ) 24 ಸೆಂಟಿಮೀಟರ್, 1:48ರಲ್ಲಿ ಹದಿನೇಳೂವರೆ, 1:72ರಲ್ಲಿ 12 ಸೆಂಟಿಮೀಟರಿನಷ್ಟಾಗುತ್ತದೆ. ಚಾಳೀಸು ಬಂದವರಿಗೆ 1:72ರ ಸಣ್ಣ ಭಾಗಗಳು ಕಷ್ಟ ಕೊಡುತ್ತವೆ. ಕಪಾಟಿನಲ್ಲಿ ಜಾಗವಿದ್ದರೆ 1:35 ಹಿಡಿಯಿರಿ. ಆಯ್ಕೆಯೂ ಅದರಲ್ಲೇ ಹೆಚ್ಚು.

ಮೊದಲ ಕಿಟ್‌ಗೆ ನನ್ನ ಮತ ತಮಿಯಾಕ್ಕೆ. ಭಾಗಗಳು ಮಿತವಾಗಿರುತ್ತವೆ, ಸೂಚನಾ ಪುಸ್ತಿಕೆ ಸ್ಪಷ್ಟವಾಗಿರುತ್ತದೆ, ಮೇಲಿನ ಒಡಲು ಕೆಳಗಿನ ಒಡಲಿನ ಮೇಲೆ ಸಂದು ತುಂಬುವ ಪುಟ್ಟಿ ಬೇಡದೆ ಕೂರುತ್ತದೆ. ಆದರೆ ಆ ಹೆಸರನ್ನೂ ಕಣ್ಣುಮುಚ್ಚಿ ನಂಬಬಾರದು. ಆ ಕಂಪನಿ 1970ರ ದಶಕದ ಅಚ್ಚುಗಳಿಂದ ತೆಗೆದ ಕಿಟ್‌ಗಳನ್ನೂ ಹೊಸ ಅಚ್ಚಿನವುಗಳ ಪಕ್ಕದಲ್ಲೇ ಮಾರುತ್ತದೆ. 1960ರ ದಶಕದ ಆರಂಭದಲ್ಲಿ ಬಂದ ಅದರ ಪ್ಯಾಂಥರ್ ಎಂಬ ಜರ್ಮನ್ ಟ್ಯಾಂಕಿನ ಮಾದರಿಯ ಒಡಲಿನೊಳಗೆ ಮೋಟಾರು, ಬ್ಯಾಟರಿಗಳು ಹಿಡಿಸಬೇಕಾಗಿದ್ದರಿಂದಲೇ 1:35 ಎಂಬ ಈ ವಿಚಿತ್ರ ಅಳತೆ ಹುಟ್ಟಿದ್ದು; ಹಲವು ಹಳೆಯ ಕಿಟ್‌ಗಳ ತಳದಲ್ಲಿ ಸ್ವಿಚ್ಚು, ಗೇರುಗಳಿಗಾಗಿ ಬಿಟ್ಟ ತೂತುಗಳು ಇಂದಿಗೂ ಉಳಿದಿವೆ, ಅವನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಒಳಗಿನಿಂದ ಮುಚ್ಚಬೇಕಾಗುತ್ತದೆ. ಇಟಲೇರಿ, ರೆವೆಲ್, ಕೊರಿಯಾದ ಅಕಾಡೆಮಿ ಕಂಪನಿಗಳ ಕೆಲವು ಪೆಟ್ಟಿಗೆಗಳಲ್ಲಂತೂ ಬೇರೆ ಕಂಪನಿಯ ಅಚ್ಚಿನ ಭಾಗಗಳೇ ಇರುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಚಿತ್ರಕ್ಕಿಂತ ಅಚ್ಚು ಮೊದಲು ಬಂದ ವರ್ಷವನ್ನು ವಿಚಾರಿಸಿ. ತಮಿಯಾದ 1989ರ ಟೈಗರ್ ಹಳೆಯದಾದರೂ ಇಂದಿಗೂ ಹಿಂಜರಿಯದೆ ಕೊಳ್ಳಬಹುದಾದದ್ದು. ಒಳಾಂಗಣ ಸಮೇತ ಬರುವ ಮಿನಿಆರ್ಟ್ ಕಿಟ್‌ಗಳು ಬೆರಗು ಹುಟ್ಟಿಸುತ್ತವೆ ನಿಜ, ಆದರೆ ಅವುಗಳಲ್ಲಿ ಸಾವಿರ ದಾಟಿದ ಭಾಗಗಳಿರುವುದುಂಟು, ಕೂದಲೆಳೆಯಂಥ ಹಿಡಿಕೆಗಳು ಭಾಗಗಳನ್ನು ಹಿಡಿದಿರುವ ಚೌಕಟ್ಟಿನಿಂದ ಕತ್ತರಿಸುವಾಗಲೇ ಮುರಿಯುತ್ತವೆ. ಅವು ಮೂರನೆಯ ಕಿಟ್‌ಗೋ ನಾಲ್ಕನೆಯದಕ್ಕೋ ಇರಲಿ. ಮೆಂಗ್ ಮತ್ತು ಟಾಕೋಮ್ ಕಂಪನಿಗಳ ಕಿಟ್‌ಗಳು ತಮಿಯಾ, ಮಿನಿಆರ್ಟ್‌ಗಳ ನಡುವೆ ನಿಲ್ಲುತ್ತವೆ.

ಕೊಳ್ಳುವ ಮುನ್ನ ಟ್ರ್ಯಾಕ್, ಅಂದರೆ ಚಕ್ರಗಳನ್ನು ಸುತ್ತುವ ಸರಪಳಿಪಟ್ಟಿ, ಯಾವ ಬಗೆಯದೆಂದು ನೋಡಿ. ಒಂದೇ ಪಟ್ಟಿಯಾಗಿ ಬರುವ ಮೆತ್ತನೆಯ ವಿನೈಲ್ ಟ್ರ್ಯಾಕ್ ನಿಮಿಷಗಳಲ್ಲಿ ಕೂರುತ್ತದೆ. ಒಂದೊಂದೇ ಕೊಂಡಿ ಸೇರಿಸುವ ಬಗೆಗೆ ಹಲವು ಸಂಜೆಗಳು ಬೇಕು. ಅಟ್ಟದ ಮೇಲೆ ಹಳೆಯ ಕಿಟ್ ಉಳಿದಿದ್ದರೆ ಇಳಿಸಿ ಬಿಚ್ಚಿ ನೋಡಿ. ವಿನೈಲ್ ಟ್ರ್ಯಾಕ್ ವರ್ಷಗಟ್ಟಲೆ ಚಕ್ರಗಳಿಗೆ ತಾಗಿಕೊಂಡಿದ್ದರೆ ಅದರಿಂದ ಒಸರುವ ಮೆದುಕಾರಕ ದ್ರವ್ಯ ಕಿಟ್‌ನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸಿ, ಚಕ್ರದ ಅಂಚಿನಲ್ಲಿ ಟ್ರ್ಯಾಕ್ ಹಲ್ಲಿನ ಗುರುತು ಕೊರೆದಿರುತ್ತದೆ. ಹೊಸ ಕಿಟ್ ಬಂದ ದಿನವೇ ಟ್ರ್ಯಾಕನ್ನು ಬೇರೆ ಚೀಲಕ್ಕೆ ಹಾಕಿಡುವುದು ಒಳ್ಳೆಯದು. ಹಳದಿಗಟ್ಟಿದ ಡೆಕಾಲ್ (ಗುರುತು, ಸಂಖ್ಯೆಗಳನ್ನು ಅಂಟಿಸುವ) ಹಾಳೆಯನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಟ್ಟರೆ ಬಣ್ಣ ತಿಳಿಯಾಗುತ್ತದೆ, ಆದರೆ ಬೂಷ್ಟು ಹಿಡಿದದ್ದನ್ನು ಬಿಸಾಡಬೇಕು.

ನಮ್ಮಲ್ಲಿನ ದೊಡ್ಡ ತೊಡಕು ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ತೀರ್ಥಹಳ್ಳಿ, ಹೊಸನಗರ, ಆಗುಂಬೆಗಳ ಕಡೆ, ಗಾಳಿಯಲ್ಲಿ ತೇವ ತುಂಬಿರುವಾಗ ಲ್ಯಾಕರ್ (ಬೇಗ ಆರುವ ದ್ರಾವಕದ) ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳಪದರ, ಅಥವಾ ವಾರ್ನಿಷ್ ಸಿಂಪಡಿಸಿದರೆ ದ್ರಾವಕ ಬೇಗನೆ ಆರುವಾಗ ಮೇಲ್ಮೈ ತಣ್ಣಗಾಗಿ, ನೀರು ಸೆಳೆದು, ಬಣ್ಣ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಮಳೆಗಾಲವನ್ನು ಕತ್ತರಿಸುವುದಕ್ಕೂ ಅಂಟಿಸುವುದಕ್ಕೂ ಮೀಸಲಿಟ್ಟು, ಸಿಂಪಡಣೆಯನ್ನು ದೀಪಾವಳಿಯ ನಂತರಕ್ಕೆ ಮುಂದೂಡುವುದು ಕ್ಷೇಮ. ತೀರಾ ಅವಸರವಿದ್ದವರು ಅಕ್ರಿಲಿಕ್ ಬಣ್ಣವನ್ನು ಕುಂಚದಿಂದ ತೆಳುವಾಗಿ, ಪದರಗಳ ನಡುವೆ ಸಾಕಷ್ಟು ಆರಲು ಬಿಟ್ಟು ಹಚ್ಚಬಹುದು. ಪ್ರೈಮರಿಗೆ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮಾದರಿಯನ್ನು ತೊಳೆದರೆ ಅಚ್ಚಿನ ಎಣ್ಣೆಯಂಶವೂ ಬೆರಳಿನ ಜಿಡ್ಡೂ ಹೋಗುತ್ತವೆ.

ನಮ್ಮ ಸೇನೆಯ ಟ್ಯಾಂಕ್ ಕಟ್ಟುವ ಆಸೆಯಿದ್ದವರಿಗೆ ದಾರಿಗಳಿವೆ. 1965ರಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿದ ಸೆಂಚುರಿಯನ್ ಎಎಫ್‌ವಿ ಕ್ಲಬ್‌ನಿಂದಲೂ, 1971ರ ಗರೀಬ್‌ಪುರ ಕದನದ ಪಿಟಿ-76 ಟ್ರಂಪೆಟರ್‌ನಿಂದಲೂ, ಟಿ-55 ತಮಿಯಾದಿಂದಲೂ ಬಂದಿವೆ. ಭಾರತೀಯ ಗುರುತುಗಳ ಡೆಕಾಲ್ ಎಲ್ಲ ಪೆಟ್ಟಿಗೆಗಳಲ್ಲೂ ಇರುವುದಿಲ್ಲವಾದ್ದರಿಂದ ಮೊದಲೇ ಖಚಿತಪಡಿಸಿಕೊಳ್ಳಿ. ಇನ್ನೊಂದು ಮಾತು: ಅಂಗಳದ ಕೆಂಪು ಜಂಬಿಟ್ಟಿಗೆ ಮಣ್ಣನ್ನು ಜರಡಿ ಹಿಡಿದು ಚಕ್ರಗಳಿಗೆ ಬಳಿಯುವ ಆಸೆ ಯಾರಿಗಾದರೂ ಬರುತ್ತದೆ, ಆದರೆ ಪಂಜಾಬಿನ ಮೆಕ್ಕಲು ಮಣ್ಣು ಮಾಸಲು ಬೂದುಗಂದು. ಅಲ್ಲಿನ ಟ್ಯಾಂಕಿಗೆ ನಮ್ಮ ಮಣ್ಣು ಒಪ್ಪುವುದಿಲ್ಲ.

ವಿದೇಶದಿಂದ ಕಿಟ್ ತರಿಸುವವರು ಸೀಮಾಸುಂಕವನ್ನೂ ಸೇರಿಸಿ ಬೆಲೆ ಹೋಲಿಸಬೇಕು. ಅಂಟು, ತಿನ್ನರ್, ಲ್ಯಾಕರ್ ಬಣ್ಣಗಳು ಉರಿಯುವ ವಸ್ತುಗಳಾದ್ದರಿಂದ ವಿಮಾನದ ಅಂಚೆಯಲ್ಲಿ ಬರುವುದಿಲ್ಲ; ಅವನ್ನು ದೇಶದೊಳಗಿನ ಅಂಗಡಿಯಿಂದ, ರಸ್ತೆ ಮಾರ್ಗದ ಪಾರ್ಸೆಲ್‌ನಲ್ಲಿ ಪ್ರತ್ಯೇಕವಾಗಿ ತರಿಸಿಕೊಳ್ಳಿ.